ಗಣಕ ಪ್ರಶ್ನೋತ್ತರ: ಕಾಲಮ್ಮಿನೊಳಗಿನ ಮೌಲ್ಯ ಯಾವ ಪ್ರಕಾರದ್ದು?

ಈ ಸಂಚಿಕೆಗಾಗಿ ಐದು ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಕೆಲಸಗಳು ಬೇರೆ ಬೇರೆಯಾದರೂ ಐವರೂ ಎಡವಿರುವುದು ಒಂದೇ ಹೊಸ್ತಿಲಿನಲ್ಲಿ. ಡೇಟಾಬೇಸಿನ ಒಂದು ಕಾಲಮ್ಮಿಗೆ ತಾವು ಕೊಟ್ಟ ಹೆಸರನ್ನೂ ಪ್ರಕಾರವನ್ನೂ (ಸಂಖ್ಯೆಯೋ ಪಠ್ಯವೋ ಎಂಬುದನ್ನು) ನಂಬಿದ್ದಾರೆ. ಒಳಗಿರುವ ಮೌಲ್ಯಗಳನ್ನು ಕೇಳಿ ನೋಡಿಲ್ಲ. ಆಜ್ಞೆಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದ್ದೇವೆ. ನೀವು ಟೈಪ್ ಮಾಡುವಾಗ ಆಜ್ಞೆಯ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಟೇಬಲ್ ಮತ್ತು ಕಾಲಮ್ಮುಗಳ ಹೆಸರು ಕನ್ನಡದಲ್ಲೇ ಇದ್ದರೆ ಈ ಪತ್ರಗಳಲ್ಲಿ ಹೆಚ್ಚಾಗಿ ಬರುವ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಅದನ್ನು ಹಾಗೆಯೇ ಒಪ್ಪಿಕೊಳ್ಳುತ್ತದೆ.

ಪ್ರಶ್ನೆ: ನಮ್ಮೂರಿನ ಹಾಲು ಉತ್ಪಾದಕರ ಸಂಘದ ಲೆಕ್ಕವನ್ನು ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಇಡುತ್ತಿದ್ದೇನೆ. 60 ಸದಸ್ಯರಿದ್ದಾರೆ, ದಿನಕ್ಕೆ ಎರಡು ಹೊತ್ತು ಹಾಲು ಬರುತ್ತದೆ, 15 ದಿನಕ್ಕೊಮ್ಮೆ ಬಟವಾಡೆ. ಕಳೆದ ಬಟವಾಡೆಯಲ್ಲಿ ಕಂಪ್ಯೂಟರ್ ತೋರಿಸಿದ ಒಟ್ಟು ಲೀಟರ್ ಕೈಪುಸ್ತಕದ ಮೊತ್ತಕ್ಕಿಂತ 43.5 ಕಡಿಮೆ ಬಂತು. ಅಲ್ಲದೆ 10 ಲೀಟರಿಗಿಂತ ಹೆಚ್ಚು ಹಾಲು ಹಾಕಿದವರ ಪಟ್ಟಿ ತೆಗೆದರೆ ಆ ಹೊತ್ತು ಹಾಲೇ ಹಾಕದವರ ಹೆಸರೂ ಬರುತ್ತದೆ. ಲೀಟರ್ ಕಾಲಮ್ಮನ್ನು ‘ನಂಬರ್’ ಎಂದೇ ಘೋಷಿಸಿದ್ದೇನೆ. ತಪ್ಪು ಎಲ್ಲಿದೆ?
(ಹಾಸನ ಜಿಲ್ಲೆಯ ಓದುಗರು)

ಉತ್ತರ: ಪತ್ರದ ಜೊತೆಗೆ ಕಡತದ ಪ್ರತಿಯನ್ನೂ ಕಳುಹಿಸಿದ್ದರಿಂದ ಊಹೆಯ ಮೇಲೆ ಉತ್ತರ ಬರೆಯುವ ಅಗತ್ಯ ಬರಲಿಲ್ಲ. ನಿಮ್ಮ ಎರಡು ತೊಂದರೆಗಳಿಗೂ ಕಾರಣ ಒಂದೇ ಆಗಿದೆ, ಮತ್ತು ಅದು ಕಾಣದಿರುವುದಕ್ಕೆ ನಿಮ್ಮ ಅಜಾಗರೂಕತೆ ಕಾರಣವಲ್ಲ.

ಹೆಚ್ಚಿನ ಡೇಟಾಬೇಸುಗಳಲ್ಲಿ ಪ್ರಕಾರ ಎಂಬುದು ಕಾಲಮ್ಮಿಗೆ ಸೇರಿದ್ದು. ಎಸ್‌ಕ್ಯೂಲೈಟಿನಲ್ಲಿ ಅದು ಒಂದೊಂದು ಮೌಲ್ಯಕ್ಕೂ ಪ್ರತ್ಯೇಕವಾಗಿ ಸೇರಿದ್ದು. ರಿಚರ್ಡ್ ಹಿಪ್ ಅವರು 2000ದಲ್ಲಿ ಹೊರತಂದ, ಇಂದು ಪ್ರತಿ ಆಂಡ್ರಾಯ್ಡ್ ಫೋನಿನ ಒಳಗೂ ಕೆಲಸ ಮಾಡುತ್ತಿರುವ ಈ ಡೇಟಾಬೇಸಿನಲ್ಲಿ ಮೌಲ್ಯಗಳು ಐದೇ ಬಗೆ: ಪೂರ್ಣಾಂಕ, ದಶಮಾಂಶ ಸಂಖ್ಯೆ, ಪಠ್ಯ, ಬ್ಲಾಬ್ ಎಂಬ ಕಚ್ಚಾ ಬೈಟುಗಳು, ಮತ್ತು ಏನೂ ಇಲ್ಲ ಎಂಬುದನ್ನು ಸೂಚಿಸುವ ನಲ್. ನೀವು ಕಾಲಮ್ಮಿಗೆ ‘ನಂಬರ್’ ಎಂದು ಬರೆದಾಗ ಅದಕ್ಕೆ ಸಂಖ್ಯೆಯ ಕಡೆಗೆ ಒಂದು ಒಲವು ಬರುತ್ತದೆಯೇ ಹೊರತು ಕಾವಲು ಬರುವುದಿಲ್ಲ. ‘4.5’ ಎಂಬ ಪಠ್ಯ ಬಂದರೆ ಅದನ್ನು ಸಂಖ್ಯೆಯಾಗಿ ಬದಲಿಸಿಕೊಂಡು ಇಟ್ಟುಕೊಳ್ಳುತ್ತದೆ. ಬದಲಿಸಲು ಬಾರದ್ದು ಬಂದರೆ ಯಾವ ಆಕ್ಷೇಪವನ್ನೂ ಎತ್ತದೆ ಪಠ್ಯವಾಗಿಯೇ ಇಟ್ಟುಕೊಳ್ಳುತ್ತದೆ. ಆದ್ದರಿಂದ ಟೇಬಲ್ಲಿನ ರಚನೆಯನ್ನು ತೋರಿಸುವ ‘ಪ್ರಾಗ್ಮಾ ಟೇಬಲ್_ಇನ್ಫೋ’ ಆಜ್ಞೆಯನ್ನು ಎಷ್ಟು ಸಲ ಕೊಟ್ಟರೂ ನೀವೇ ಬರೆದ ‘ನಂಬರ್’ ಎಂಬ ಪದ ಮಾತ್ರ ಮರಳಿ ಬರುತ್ತದೆ. ಒಳಗೆ ಏನಿದೆ ಎಂದು ತಿಳಿಯಬೇಕಾದರೆ ಮೌಲ್ಯಗಳನ್ನೇ ಕೇಳಬೇಕು, ಕೇಳುವ ಫಂಕ್ಷನ್ನಿನ ಹೆಸರು ಟೈಪ್‌ಆಫ್.

ಸೆಲೆಕ್ಟ್ ಟೈಪ್‌ಆಫ್(ಲೀಟರ್), ಕೌಂಟ್(*) ಫ್ರಮ್ ಹಾಲು ಗ್ರೂಪ್ ಬೈ ಟೈಪ್‌ಆಫ್(ಲೀಟರ್);

ನಿಮ್ಮ ಕಡತದ ಮೇಲೆ ಇದನ್ನು ನಡೆಸಿದಾಗ ಮೂರು ಸಾಲು ಬಂದವು: ದಶಮಾಂಶ 1,402, ಪೂರ್ಣಾಂಕ 371, ಪಠ್ಯ 27. ಒಟ್ಟು 1,800, ಅಂದರೆ 60 ಸದಸ್ಯರ 30 ಹೊತ್ತಿನ ನಮೂದುಗಳು ಒಂದೂ ಕಳೆದುಹೋಗಿಲ್ಲ. ದಶಮಾಂಶ ಮತ್ತು ಪೂರ್ಣಾಂಕಗಳು ಬೆರೆತಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಈ ಒಲವಿನ ಕಾಲಮ್ಮಿನಲ್ಲಿ 4.0 ಎಂದು ಬರೆದದ್ದು 4 ಎಂಬ ಪೂರ್ಣಾಂಕವಾಗಿ ಕೂರುವುದು ಸಹಜ, ಅದರಿಂದ ಮೊತ್ತ ಕೆಡುವುದಿಲ್ಲ. ಕೆಡಿಸಿರುವುದು ಆ 27. ಅವುಗಳನ್ನು ಮಾತ್ರ ಹೀಗೆ ಹೊರತೆಗೆದೆ.

ಸೆಲೆಕ್ಟ್ ದಿನಾಂಕ, ಸದಸ್ಯ, ಕೋಟ್(ಲೀಟರ್), ಲೆಂಗ್ತ್(ಲೀಟರ್) ಫ್ರಮ್ ಹಾಲು ವೇರ್ ಟೈಪ್‌ಆಫ್(ಲೀಟರ್) = 'ಟೆಕ್ಸ್ಟ್';

ಕೋಟ್ ಎಂಬ ಫಂಕ್ಷನ್ ಪಠ್ಯವನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ತೋರಿಸುವುದರಿಂದ ಖಾಲಿ ಇರುವುದೂ ಕಣ್ಣಿಗೆ ಬೀಳುತ್ತದೆ. 27ರಲ್ಲಿ 11 ನಮೂದುಗಳು ಬರೀ ಖಾಲಿ ಪಠ್ಯ, ಒಂದು ಅಕ್ಷರವೂ ಇಲ್ಲದವು. 9 ನಮೂದುಗಳು ‘೪.೫’ ಎಂಬಂತೆ ಕನ್ನಡ ಅಂಕಿಗಳಲ್ಲಿವೆ. ಎಲ್ಲವೂ ಒಂದೇ ದಿನ ಸಂಜೆಯವು, ಬಹುಶಃ ಅಂದು ನಮೂದಿಸಿದವರ ಕೀಲಿಮಣೆ ಕನ್ನಡಕ್ಕೆ ಹೊರಳಿತ್ತು. 4ರಲ್ಲಿ ಚುಕ್ಕೆಯ ಬದಲು ಅಲ್ಪವಿರಾಮ ಬಿದ್ದು ‘5,5’ ಎಂದಾಗಿದೆ. ಉಳಿದ 3ರಲ್ಲಿ ‘6 ಲೀ’ ಎಂದು ಅಳತೆಯನ್ನೂ ಸೇರಿಸಿ ಬರೆಯಲಾಗಿದೆ.

ಈಗ ಮೊತ್ತ ತೆಗೆಯುವ ಸಮ್ ಫಂಕ್ಷನ್ ಇವುಗಳನ್ನು ಹೇಗೆ ಓದುತ್ತದೆ ಎಂದು ನೋಡಿ. ಪಠ್ಯ ಎದುರಾದಾಗ ಅದು ಮೊದಲಿಂದ ಎಷ್ಟು ದೂರ ಸಂಖ್ಯೆಯಂತೆ ಕಾಣುತ್ತದೆಯೋ ಅಷ್ಟನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಬಿಡುತ್ತದೆ. ‘6 ಲೀ’ ಎಂಬುದು 6 ಆಗಿ ಓದಲ್ಪಟ್ಟು ಅದೃಷ್ಟವಶಾತ್ ಸರಿಯಾಯಿತು. ‘5,5’ ಎಂಬುದು 5 ಆಯಿತು, ನಾಲ್ಕು ಕಡೆ ಅರ್ಧರ್ಧ ಲೀಟರ್ ಹೋಗಿ ಒಟ್ಟು 2 ಲೀಟರ್ ನಷ್ಟವಾಯಿತು. ಕನ್ನಡ ಅಂಕಿಗಳನ್ನು ಎಸ್‌ಕ್ಯೂಲೈಟ್ ಅಂಕಿಗಳೆಂದು ಗುರುತಿಸುವುದೇ ಇಲ್ಲ. ಅದರ ಪಾಲಿಗೆ ‘೪’ ಎಂಬುದು ‘ಕ’ ಇದ್ದಂತೆ ಒಂದು ಅಕ್ಷರ. ಹಾಗಾಗಿ ಆ ಒಂಬತ್ತೂ ಸೊನ್ನೆಯಾದವು. ಅವುಗಳನ್ನು ಕೈಯಲ್ಲಿ ಕೂಡಿದರೆ 41.5 ಬರುತ್ತದೆ. 41.5 ಮತ್ತು 2, ಒಟ್ಟು 43.5. ನಿಮ್ಮ ಕೈಪುಸ್ತಕ ಸರಿಯಾಗಿಯೇ ಇದೆ.

ಎರಡನೆಯ ತೊಂದರೆಗೆ ಕಾರಣ ಹೋಲಿಕೆಯ ನಿಯಮ. ಬೇರೆ ಬೇರೆ ಪ್ರಕಾರದ ಮೌಲ್ಯಗಳು ಎದುರಾದಾಗ ಎಸ್‌ಕ್ಯೂಲೈಟ್ ಅವುಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ನಿಲ್ಲಿಸುತ್ತದೆ: ನಲ್ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ಸಂಖ್ಯೆಗಳು, ಅವುಗಳ ಮೇಲೆ ಪಠ್ಯ, ಕೊನೆಗೆ ಬ್ಲಾಬ್. ಯಾವುದೇ ಪಠ್ಯ, ಅದು ಖಾಲಿಯಾಗಿದ್ದರೂ ಕೂಡ, ಯಾವುದೇ ಸಂಖ್ಯೆಗಿಂತ ದೊಡ್ಡದು. ಆದ್ದರಿಂದ ಹಾಲು ಹಾಕದ 11 ಹೊತ್ತುಗಳ ಖಾಲಿ ಪಠ್ಯವು 10ಕ್ಕಿಂತ ದೊಡ್ಡದೆಂದು ಎಣಿಸಲ್ಪಟ್ಟು ಪಟ್ಟಿಗೆ ಸೇರಿತು. ನೀವು ಕೇಳದಿದ್ದರೂ ಹೇಳುತ್ತೇನೆ, ಸರಾಸರಿಯೂ ತಪ್ಪಾಗಿದೆ: ಸರಾಸರಿ ತೆಗೆಯುವಾಗ ನಲ್ ಇರುವ ಸಾಲುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಖಾಲಿ ಪಠ್ಯವನ್ನು ಸೊನ್ನೆಯೆಂದು ಹಿಡಿದು ಭಾಗಿಸುವ ಸಂಖ್ಯೆಗೂ ಸೇರಿಸುತ್ತದೆ.

ಸರಿಪಡಿಸುವ ಮೊದಲು ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಆ ಬಳಿಕ 11 ಖಾಲಿ ನಮೂದುಗಳನ್ನು ಕೈಪುಸ್ತಕದೊಂದಿಗೆ ಒಂದೊಂದಾಗಿ ತಾಳೆ ನೋಡಿ, ಏಕೆಂದರೆ ಸದಸ್ಯರು ಹಾಲು ತರದಿರುವುದು ಬೇರೆ, ನಮೂದಿಸುವವರು ಬರೆಯಲು ಮರೆತಿರುವುದು ಬೇರೆ, ಅದನ್ನು ಕಂಪ್ಯೂಟರ್ ಹೇಳಲಾರದು. ತರದಿರುವುದು ಖಚಿತವಾದವುಗಳಿಗೆ ನಲ್ ಹಾಕಿ. ಮುಂದಿನದು, ಅಂದರೆ ಅಲ್ಪವಿರಾಮವನ್ನು ಚುಕ್ಕೆಯಾಗಿಸುವುದು, ಸುಲಭ.

ಅಪ್‌ಡೇಟ್ ಹಾಲು ಸೆಟ್ ಲೀಟರ್ = ರಿಪ್ಲೇಸ್(ಲೀಟರ್, ',', '.') ವೇರ್ ಟೈಪ್‌ಆಫ್(ಲೀಟರ್) = 'ಟೆಕ್ಸ್ಟ್';

ಹೀಗೆ ಬದಲಾಯಿಸಿದ ಪಠ್ಯ ಸಂಖ್ಯೆಯಂತೆ ಕಂಡೊಡನೆ ಕಾಲಮ್ಮಿನ ಒಲವೇ ಅದನ್ನು ಸಂಖ್ಯೆಯಾಗಿಸಿ ಇಡುತ್ತದೆ, ನೀವು ಬೇರೆ ಪರಿವರ್ತನೆ ಮಾಡಬೇಕಿಲ್ಲ. ಆದರೆ ಇದೇ ಆಜ್ಞೆಯನ್ನು ರೂಪಾಯಿಯ ಕಾಲಮ್ಮಿನ ಮೇಲೆ ನಡೆಸಬೇಡಿ. ಅಲ್ಲಿ ‘1,250’ರ ಅಲ್ಪವಿರಾಮ ಸಾವಿರವನ್ನು ಬೇರ್ಪಡಿಸುವ ಗುರುತಾಗಿದ್ದು, ಅದನ್ನು ಚುಕ್ಕೆಯಾಗಿಸಿದರೆ ಒಂದೂಕಾಲು ರೂಪಾಯಿ ಆಗುತ್ತದೆ, ಅಲ್ಲಿ ಅದನ್ನು ಅಳಿಸಬೇಕು. ಕನ್ನಡ ಅಂಕಿಗಳಿಗಾಗಿ ರಿಪ್ಲೇಸ್ ಅನ್ನು ೦ಯಿಂದ ೯ರವರೆಗೆ ಹತ್ತು ಸಲ ಒಂದರೊಳಗೊಂದು ಬರೆಯಬೇಕಾಗುತ್ತದೆ. ಪೈಥಾನ್ ಬಲ್ಲವರಿಗೆ ಹತ್ತಿರದ ದಾರಿಯೊಂದಿದೆ: ಪೈಥಾನಿನ ಫ್ಲೋಟ್ ಫಂಕ್ಷನ್ ‘೪.೫’ ಎಂಬುದನ್ನು ನೇರವಾಗಿ 4.5 ಎಂದೇ ಓದುತ್ತದೆ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಪೈಥಾನಿನಲ್ಲಿ ಪರೀಕ್ಷಿಸಿ ಎಲ್ಲವೂ ಸಂಖ್ಯೆಗಳೇ ಎಂದು ತೀರ್ಮಾನಿಸಿದ ಕಡತ ಎಸ್‌ಕ್ಯೂಲೈಟಿನಲ್ಲಿ ಸೊನ್ನೆಗಳನ್ನು ಕೊಡಬಹುದು.

ಇನ್ನು ಮುಂದೆ ಹೀಗಾಗದಂತೆ ತಡೆಯುವ ಬಗೆ. ಎಸ್‌ಕ್ಯೂಲೈಟನ್ನು ಕಟ್ಟಿದವರು ಈ ಸಡಿಲತೆಯನ್ನು ದೋಷವೆಂದು ಒಪ್ಪುವುದಿಲ್ಲ, ಅದನ್ನು ಒಂದು ಸೌಲಭ್ಯವೆಂದೇ ಕರೆಯುತ್ತಾರೆ. ಬಗೆಬಗೆಯ ಮೌಲ್ಯಗಳನ್ನು ಒಂದೆಡೆ ಇಡಬೇಕಾದ ತಂತ್ರಾಂಶಗಳಿಗೆ ಅದು ನಿಜವೂ ಹೌದು. ಆದರೆ ರೈತರಿಗೆ ಹಣ ಪಾವತಿಸುವ ಲೆಕ್ಕದಲ್ಲಿ ಸಡಿಲತೆ ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ. 2021ರ ನವೆಂಬರಿನಲ್ಲಿ ಬಂದ 3.37.0 ಆವೃತ್ತಿಯಿಂದ ಟೇಬಲ್ ರಚಿಸುವ ಆಜ್ಞೆಯ ಕೊನೆಯಲ್ಲಿ ‘ಸ್ಟ್ರಿಕ್ಟ್’ ಎಂದು ಬರೆಯುವ ಅವಕಾಶವಿದೆ. ಹಾಗೆ ಬರೆದು ಲೀಟರ್ ಕಾಲಮ್ಮನ್ನು ‘ರಿಯಲ್’ ಎಂದು ಘೋಷಿಸಿದರೆ ಖಾಲಿ ಪಠ್ಯವಾಗಲಿ ಕನ್ನಡ ಅಂಕಿಯಾಗಲಿ ಬಂದ ಕ್ಷಣವೇ ದೋಷ ಸಂದೇಶ ಬರುತ್ತದೆ. ಸ್ಟ್ರಿಕ್ಟ್ ಟೇಬಲ್ಲಿನಲ್ಲಿ ‘ನಂಬರ್’ ಎಂಬ ಪದಕ್ಕೆ ಜಾಗವಿಲ್ಲ. ಸಂಘದ ಕಂಪ್ಯೂಟರಿನಲ್ಲಿರುವ ತಂತ್ರಾಂಶ ಅದಕ್ಕಿಂತ ಹಳೆಯದಾಗಿದ್ದರೆ ಆ ಕಡತವನ್ನು ಅದು ಓದಲಾರದು. ಆಗ ಸ್ಟ್ರಿಕ್ಟ್ ಬಿಟ್ಟು, ಟೇಬಲ್ ರಚಿಸುವಾಗಲೇ ಟೈಪ್‌ಆಫ್ ಪಠ್ಯವಾಗಿರಬಾರದು ಎಂಬ ‘ಚೆಕ್’ ನಿಬಂಧನೆಯನ್ನು ಕಾಲಮ್ಮಿಗೆ ಸೇರಿಸಿ.

ಪ್ರಶ್ನೆ: ನಮ್ಮ ಕಾಲೇಜಿನ ಗ್ರಂಥಾಲಯದ ಪುಸ್ತಕಗಳ ಜಾಗಕ್ಕೆ ‘12ಡಿ4’, ‘12ಇ4’ ಎಂಬಂತೆ ಇಂಗ್ಲಿಷ್ ಅಕ್ಷರ ಸೇರಿಸಿ ಗುರುತು ಕೊಟ್ಟಿದ್ದೇವೆ: ಕಪಾಟಿನ ಸಂಖ್ಯೆ, ಸಾಲಿನ ಅಕ್ಷರ, ಖಾನೆಯ ಸಂಖ್ಯೆ. ಎಸ್‌ಕ್ಯೂಲೈಟಿಗೆ ತುಂಬಿದ ಮೇಲೆ ಎ, ಬಿ, ಸಿ, ಡಿ ಸಾಲುಗಳ ಗುರುತುಗಳು ಸರಿಯಾಗಿವೆ, ಇ ಸಾಲಿನವು ಮಾತ್ರ 120000 ಎಂಬಂತಹ ದೊಡ್ಡ ಸಂಖ್ಯೆಗಳಾಗಿವೆ. ಕಾಲಮ್ಮಿನ ಪ್ರಕಾರ ‘ಸ್ಟ್ರಿಂಗ್’ ಎಂದೇ ಇದೆ.
(ಧಾರವಾಡದ ಓದುಗರು)

ಉತ್ತರ: ‘ಸ್ಟ್ರಿಂಗ್’ ಎಂಬ ಪದವೇ ಇಲ್ಲಿ ಕೈಕೊಟ್ಟಿದೆ. ಎಸ್‌ಕ್ಯೂಲೈಟ್ ಘೋಷಿತ ಪದದ ಅರ್ಥವನ್ನು ನೋಡುವುದಿಲ್ಲ, ಅದರೊಳಗಿನ ಅಕ್ಷರಗಳ ತುಣುಕನ್ನು ಹುಡುಕುತ್ತದೆ. ಪದದಲ್ಲಿ ಎಲ್ಲಾದರೂ ‘ಇಂಟ್’ ಇದ್ದರೆ ಪೂರ್ಣಾಂಕದ ಒಲವು, ಅದಿಲ್ಲದೆ ‘ಚಾರ್’, ‘ಕ್ಲಾಬ್’, ‘ಟೆಕ್ಸ್ಟ್’ಗಳಲ್ಲಿ ಒಂದಿದ್ದರೆ ಪಠ್ಯದ ಒಲವು, ‘ಬ್ಲಾಬ್’ ಇದ್ದರೆ ಅಥವಾ ಪ್ರಕಾರವನ್ನೇ ಬರೆಯದಿದ್ದರೆ ಯಾವ ಬದಲಾವಣೆಯೂ ಇಲ್ಲ, ‘ರಿಯಲ್’, ಅಥವಾ ಫ್ಲೋಟ್, ಡಬಲ್ ಪದಗಳ ಮೊದಲ ನಾಲ್ಕು ಅಕ್ಷರಗಳಿದ್ದರೆ ದಶಮಾಂಶದ ಒಲವು, ಇವು ಯಾವುದೂ ಇಲ್ಲದಿದ್ದರೆ ಸಂಖ್ಯೆಯ ಒಲವು. ‘ಸ್ಟ್ರಿಂಗ್’ ಎಂಬ ಪದದಲ್ಲಿ ಇವುಗಳ ಪೈಕಿ ಯಾವ ತುಣುಕೂ ಇಲ್ಲದಿರುವುದರಿಂದ ಅದು ಕೊನೆಯ ಗುಂಪಿಗೆ ಬಿತ್ತು. ಇದೇ ನಿಯಮದ ಫಲವಾಗಿ ‘ಫ್ಲೋಟಿಂಗ್ ಪಾಯಿಂಟ್’ ಎಂದು ಘೋಷಿಸಿದ ಕಾಲಮ್ಮು, ಪಾಯಿಂಟ್ ಪದದ ಕೊನೆಯಲ್ಲಿ ‘ಇಂಟ್’ ಇರುವ ಕಾರಣಕ್ಕೆ, ಪೂರ್ಣಾಂಕದ ಒಲವನ್ನು ಪಡೆಯುತ್ತದೆ.

ಸಂಖ್ಯೆಯ ಒಲವಿರುವ ಕಾಲಮ್ಮಿಗೆ ‘12ಡಿ4’ ಬಂದಾಗ ಅದು ಸಂಖ್ಯೆಯಾಗಲು ಸಾಧ್ಯವಿಲ್ಲದ್ದರಿಂದ ಪಠ್ಯವಾಗಿಯೇ ಉಳಿಯಿತು. ಆದರೆ ಅಂಕಿಗಳ ನಡುವೆ ಬರುವ ಇಂಗ್ಲಿಷಿನ ಇ ಅಕ್ಷರಕ್ಕೆ ವೈಜ್ಞಾನಿಕ ಬರವಣಿಗೆಯಲ್ಲಿ ‘ಹತ್ತರ ಘಾತ’ ಎಂಬ ಅರ್ಥವಿದೆ. 12 ಗುಣಿಸು ಹತ್ತರ ನಾಲ್ಕನೆಯ ಘಾತ, ಅಂದರೆ 1,20,000. ನೀವು ಗುರುತುಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದಿದ್ದರೆ ಈ ಹಾನಿ ಆಗುತ್ತಲೇ ಇರಲಿಲ್ಲ.

ಹಾನಿಗೊಳಗಾದ ಸಾಲುಗಳನ್ನು ಕಂಡುಹಿಡಿಯಲು ಟೈಪ್‌ಆಫ್ ಪಠ್ಯವಲ್ಲದ ಸಾಲುಗಳನ್ನೆಲ್ಲ ತೆಗೆಯಿರಿ. ಇ ಸಾಲಿನ ಪುಸ್ತಕಗಳಷ್ಟೇ ಬರುತ್ತವೆ. ನಿಮ್ಮಲ್ಲಿ 14 ಕಪಾಟುಗಳೂ ಪ್ರತಿ ಸಾಲಿನಲ್ಲಿ 6 ಖಾನೆಗಳೂ ಇವೆಯೆಂದು ಬರೆದಿದ್ದೀರಿ. ಹಾಗಿದ್ದರೆ ಹೆಚ್ಚಿನವನ್ನು ಮರಳಿ ಪಡೆಯಬಹುದು: 120000 ಎಂಬುದು 12ನೇ ಕಪಾಟಿನ 4ನೇ ಖಾನೆಯೇ ಆಗಿರಬೇಕು, ಬೇರೆ ದಾರಿಯಿಲ್ಲ. ತೊಡಕಿರುವುದು 1 ಮತ್ತು 10ನೇ ಕಪಾಟುಗಳಲ್ಲಿ ಮಾತ್ರ. 100000 ಎಂಬ ಸಂಖ್ಯೆ ‘1ಇ5’ರಿಂದಲೂ ಬರುತ್ತದೆ, ‘10ಇ4’ರಿಂದಲೂ ಬರುತ್ತದೆ. 100ರಿಂದ 100000ದವರೆಗಿನ, 1ರ ಮುಂದೆ ಸೊನ್ನೆಗಳಷ್ಟೇ ಇರುವ ಸಂಖ್ಯೆಗಳ ಪುಸ್ತಕಗಳನ್ನು, ಹಾಗೆಯೇ 1000000 ಎಂದಿರುವವನ್ನು, ಕಪಾಟಿನ ಬಳಿಗೇ ಹೋಗಿ ನೋಡಬೇಕು. ಹೊಸ ಟೇಬಲ್ಲಿನಲ್ಲಿ ಆ ಕಾಲಮ್ಮನ್ನು ‘ಟೆಕ್ಸ್ಟ್’ ಎಂದು ಘೋಷಿಸಿ. ಪುಸ್ತಕದ ದಾಖಲಾತಿ ಸಂಖ್ಯೆಯ ಕಾಲಮ್ಮನ್ನೂ ಒಮ್ಮೆ ಪರೀಕ್ಷಿಸಿ. ‘00457’ ಎಂಬುದು ಅಲ್ಲಿ 457 ಆಗಿ ಕೂತಿರುವ ಸಾಧ್ಯತೆ ಬಹಳ ಹೆಚ್ಚು. ಕೂಡುವ ಕಳೆಯುವ ಅಗತ್ಯವಿಲ್ಲದ ಯಾವ ಸಂಖ್ಯೆಯೇ ಆಗಲಿ, ದೂರವಾಣಿಯದಿರಲಿ, ಬ್ಯಾಂಕ್ ಖಾತೆಯದಿರಲಿ, ಜಮೀನಿನ ಸರ್ವೆ ನಂಬರಿರಲಿ, ಪಠ್ಯವಾಗಿಯೇ ಇರಬೇಕು.

ಪ್ರಶ್ನೆ: ಅಂಕಗಳ ಕಾಲಮ್ಮಿನಲ್ಲಿ ಕೆಲವು ಕಡೆ 45 ಎಂದು ಸ್ಪಷ್ಟವಾಗಿ ಕಾಣುತ್ತದೆ, ಆದರೂ ಟೈಪ್‌ಆಫ್ ಅದನ್ನು ಪಠ್ಯ ಎನ್ನುತ್ತದೆ. ಟ್ರಿಮ್ ಮಾಡಿದರೂ ಬದಲಾಗಲಿಲ್ಲ.
(ಉಡುಪಿಯ ಓದುಗರು)

ಉತ್ತರ: ಅಂಕಗಳನ್ನು ಯಾವುದಾದರೂ ಜಾಲಪುಟದಿಂದ ನಕಲು ಮಾಡಿ ತಂದಿರಬೇಕು. ಲೆಂಗ್ತ್ ಫಂಕ್ಷನ್ನಿನಿಂದ ಅಕ್ಷರಗಳನ್ನು ಎಣಿಸಿ; 2 ಬರಬೇಕಾದಲ್ಲಿ 3 ಬಂದರೆ ಕಾಣದ ಅಕ್ಷರವೊಂದು ಅಂಟಿಕೊಂಡಿದೆ. ಹೆಕ್ಸ್ ಫಂಕ್ಷನ್ ಬೈಟುಗಳನ್ನೇ ಬಿಡಿಸಿ ತೋರಿಸುತ್ತದೆ: 4 ಮತ್ತು 5ಕ್ಕೆ ಕ್ರಮವಾಗಿ 34, 35 ಬಂದು, ಅದರ ಮುಂದೆ ‘ಸಿ2ಎ0’ ಕಂಡರೆ ಅದು ಸಾಲು ಮುರಿಯದಂತೆ ತಡೆಯುವ ವಿಶೇಷ ಖಾಲಿ ಜಾಗ, ಯುನಿಕೋಡಿನಲ್ಲಿ 160ನೆಯ ಅಕ್ಷರ. ಟ್ರಿಮ್ ಸಾಮಾನ್ಯ ಖಾಲಿ ಜಾಗವನ್ನು ಮಾತ್ರ ಅಳಿಸುವುದರಿಂದ ಅದು ಉಳಿದುಕೊಂಡಿತು. ‘ರಿಪ್ಲೇಸ್(ಅಂಕ, ಚಾರ್(160), '')’ ಎಂದು ಕೊಟ್ಟರೆ ಹೋಗುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವ ನಮಗೆ ಇನ್ನೊಂದು ಕಾಣದ ಅಕ್ಷರದ ಪರಿಚಯವೂ ಇರಬೇಕು. ಒತ್ತಕ್ಷರವಾಗದಂತೆ ತಡೆಯಲು ಬಳಸುವ, 8204ನೆಯ ಸಂಖ್ಯೆಯ ಅಕ್ಷರವದು. ಅಂಕಿಗಳ ಕಾಲಮ್ಮಿನಲ್ಲಿ ಅದು ಸಿಕ್ಕಿದರೆ ಅಳಿಸಿ; ಹೆಸರುಗಳ ಅಥವಾ ವಾಕ್ಯಗಳ ಕಾಲಮ್ಮಿನಲ್ಲಿ ಮಾತ್ರ ಸಾರಾಸಗಟಾಗಿ ಅಳಿಸಬೇಡಿ. ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗಿಬಿಡುತ್ತದೆ.

ಪ್ರಶ್ನೆ: ಕಚೇರಿಯಲ್ಲಿ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಎಂಬ ನಾಲ್ಕು ಡೇಟಾಬೇಸುಗಳನ್ನೂ ಬಳಸುತ್ತೇವೆ. ಇವುಗಳಲ್ಲಿ ಪ್ರತಿ ಮೌಲ್ಯದ ಪ್ರಕಾರವನ್ನು ತಿಳಿಯುವುದು ಹೇಗೆ?
(ಬೆಂಗಳೂರಿನ ಓದುಗರು)

ಉತ್ತರ: ಈ ನಾಲ್ಕರಲ್ಲಿ ಪ್ರಕಾರ ಕಾಲಮ್ಮಿನದೇ ಆಗಿರುವುದರಿಂದ ಪೂರ್ಣಾಂಕದ ಕಾಲಮ್ಮಿನಲ್ಲಿ ಪಠ್ಯ ಕೂರಲಾರದು. ಘೋಷಿತ ಪ್ರಕಾರವನ್ನು ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಎಲ್ ಸರ್ವರ್‌ಗಳಲ್ಲಿ ‘ಇನ್ಫರ್ಮೇಶನ್_ಸ್ಕೀಮಾ’ದ ಕಾಲಮ್ಮುಗಳ ಪಟ್ಟಿಯಿಂದ ತಿಳಿಯಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಮೌಲ್ಯದ ಪ್ರಕಾರವನ್ನು ಹೇಳುವ ‘ಪಿಜಿ_ಟೈಪ್‌ಆಫ್’ ಫಂಕ್ಷನ್ ಇದೆ. ಒರಾಕಲ್‌ನ ‘ಡಂಪ್’ ಫಂಕ್ಷನ್ ಪ್ರಕಾರದ ಸಂಕೇತದೊಂದಿಗೆ ಬೈಟುಗಳನ್ನೂ ತೋರಿಸುತ್ತದೆ: 1 ಎಂದರೆ ವಾರ್‌ಚಾರ್2, 2 ಎಂದರೆ ಸಂಖ್ಯೆ, 12 ಎಂದರೆ ದಿನಾಂಕ.

ನಿಮಗೆ ನಿಜವಾಗಿ ಬೇಕಿರುವುದು ಬಹುಶಃ ಬೇರೆಯದು: ಪಠ್ಯದ ಕಾಲಮ್ಮಿನಲ್ಲಿ ಬಿದ್ದಿರುವ ಮೌಲ್ಯಗಳಲ್ಲಿ ಎಷ್ಟು ಸಂಖ್ಯೆಗಳಾಗಬಲ್ಲವು ಎಂಬುದು. ಪೋಸ್ಟ್‌ಗ್ರೆಸ್‌ನ 16ನೇ ಆವೃತ್ತಿಯಿಂದ ‘ಪಿಜಿ_ಇನ್‌ಪುಟ್_ಈಸ್_ವ್ಯಾಲಿಡ್’ ಎಂಬ ಫಂಕ್ಷನ್ ಇದಕ್ಕೆಂದೇ ಇದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಹೆಚ್ಚಿನವರು ‘ಈಸ್‌ನ್ಯೂಮರಿಕ್’ ಬಳಸುತ್ತಾರೆ; ದಯವಿಟ್ಟು ಅದನ್ನು ನೆಚ್ಚಬೇಡಿ. ಬರೀ ಡಾಲರ್ ಚಿಹ್ನೆಯನ್ನೂ ಬರೀ ಕಳೆಯುವ ಚಿಹ್ನೆಯನ್ನೂ ಅದು ಸಂಖ್ಯೆ ಎನ್ನುತ್ತದೆ. 2012ರ ಆವೃತ್ತಿಯಿಂದ ಬಂದ ‘ಟ್ರೈ_ಕಾಸ್ಟ್’ ಮೇಲು, ಆದರೆ ಅದು ಖಾಲಿ ಪಠ್ಯವನ್ನು ಪೂರ್ಣಾಂಕವಾಗಿಸುವಾಗ ನಲ್ ಕೊಡದೆ 0 ಕೊಡುತ್ತದೆ ಎಂಬುದನ್ನು ನೆನಪಿಡಿ, ಖಾಲಿಗಳನ್ನು ಮೊದಲೇ ಬೇರ್ಪಡಿಸಿ. ಒರಾಕಲ್‌ನಲ್ಲಿ ಆ ಚಿಂತೆಯಿಲ್ಲ, ಅಲ್ಲಿ ಖಾಲಿ ಪಠ್ಯವೂ ನಲ್ಲೇ.

ಮೈಎಸ್‌ಕ್ಯೂಎಲ್ ಬಗ್ಗೆ ಒಂದು ಎಚ್ಚರಿಕೆ. 5.7ನೇ ಆವೃತ್ತಿಯಿಂದ ಅದರ ಕಟ್ಟುನಿಟ್ಟಿನ ವಿಧಾನ ತಾನಾಗಿಯೇ ಚಾಲ್ತಿಯಲ್ಲಿರುತ್ತದೆ. ಆ ವಿಧಾನವಿಲ್ಲದೆ ನಡೆದ ಹಳೆಯ ಡೇಟಾಬೇಸುಗಳಲ್ಲಿ ಪೂರ್ಣಾಂಕದ ಕಾಲಮ್ಮಿಗೆ ‘ಗೈರು’ ಎಂದು ಕಳುಹಿಸಿದ್ದರೆ, ಒಂದು ಎಚ್ಚರಿಕೆಯನ್ನಷ್ಟೇ ಕೊಟ್ಟು 0 ಎಂದು ಬರೆದುಕೊಂಡಿರುತ್ತದೆ. ಪ್ರಕಾರ ಕೇಳಿದರೆ ಎಲ್ಲವೂ ಪೂರ್ಣಾಂಕವೇ. ಆದ್ದರಿಂದ ಅಂಥ ಕಡತಗಳಲ್ಲಿ ಸೊನ್ನೆಗಳು ಅನುಮಾನಾಸ್ಪದವಾಗಿ ಹೆಚ್ಚಿದ್ದರೆ ಮೂಲ ದಾಖಲೆಯನ್ನು ಹುಡುಕುವುದೊಂದೇ ದಾರಿ.

ಪ್ರಶ್ನೆ: ಇಲ್ಲಿನ ನಮ್ಮ ಕನ್ನಡ ಬಳಗದ 380 ಸದಸ್ಯರ ಪಟ್ಟಿಯನ್ನು ಸ್ಪ್ರೆಡ್‌ಶೀಟಿನಿಂದ ಎಸ್‌ಕ್ಯೂಲೈಟಿಗೆ ತಂದಿದ್ದೇನೆ. ಸೇರಿದ ದಿನಾಂಕದ ಕಾಲಮ್ಮಿನಲ್ಲಿ 149 ಪೂರ್ಣಾಂಕಗಳಿವೆ, 43560 ಎಂಬಂಥವು; ಉಳಿದ 231 ಪಠ್ಯ, ‘15/08/2019’ ಎಂಬಂಥವು. ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು ಹೇಗೆ?
(ಅಮೆರಿಕದ ನ್ಯೂಜೆರ್ಸಿಯ ಓದುಗರು)

ಉತ್ತರ: ರೂಪದ ವಿಚಾರಕ್ಕೆ ಹೋಗುವ ಮೊದಲು ನಿಮ್ಮ ಆ ಎರಡು ಎಣಿಕೆಗಳ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಅವು ಹೇಳುತ್ತಿರುವುದು ಬಹಳ ಮುಖ್ಯವಾದ ಸಂಗತಿ.

43560 ಎಂಬುದು ಸ್ಪ್ರೆಡ್‌ಶೀಟಿನ ದಿನಸಂಖ್ಯೆ. ಎಸ್‌ಕ್ಯೂಲೈಟಿಗೆ ದಿನಾಂಕ ಎಂಬ ಪ್ರಕಾರವೇ ಇಲ್ಲದ್ದರಿಂದ ಅದು ಪೂರ್ಣಾಂಕವಾಗಿಯೇ ಬಂದಿದೆ. ‘ಡೇಟ್('1899-12-30', '+43560 ಡೇಸ್')’ ಎಂದು ಕೇಳಿದರೆ 2019ರ ಏಪ್ರಿಲ್ 5 ಎಂದು ಉತ್ತರ ಬರುತ್ತದೆ. ಸಂಖ್ಯೆ ಹತ್ತು ಅಂಕಿಗಳದ್ದಾಗಿ 1556928000 ಎಂಬಂತೆ ಇದ್ದಿದ್ದರೆ 1970ರಿಂದ ಎಣಿಸಿದ ಸೆಕೆಂಡುಗಳೆಂದು ತಿಳಿಯಬೇಕಿತ್ತು. ನಿಮ್ಮಲ್ಲಿ ಅಂಥವು ಇಲ್ಲ.

ಈಗ ಯೋಚಿಸಬೇಕಾದ ಪ್ರಶ್ನೆ: ಕೆಲವು ಮಾತ್ರ ಏಕೆ ದಿನಸಂಖ್ಯೆಗಳಾದವು? ಸದಸ್ಯರು ಊರಿನ ಅಭ್ಯಾಸದಂತೆ ದಿನವನ್ನು ಮೊದಲು, ತಿಂಗಳನ್ನು ಆಮೇಲೆ ಬರೆದಿರುತ್ತಾರೆ. ನಿಮ್ಮ ಕಂಪ್ಯೂಟರ್ ಅಮೆರಿಕದ ಪದ್ಧತಿಯಂತೆ ತಿಂಗಳು ಮೊದಲು ಎಂದು ಓದುತ್ತದೆ. ‘15/08/2019’ನ್ನು ಹಾಗೆ ಓದಲು ಹೋದರೆ 15ನೆಯ ತಿಂಗಳು ಇಲ್ಲದ್ದರಿಂದ ಅದು ಪಠ್ಯವಾಗಿ ಉಳಿಯುತ್ತದೆ. ‘04/05/2019’ನ್ನು ಮಾತ್ರ ಅದು ಯಾವ ಅನುಮಾನವೂ ಇಲ್ಲದೆ ಏಪ್ರಿಲ್ 5 ಎಂದು ಓದಿ 43560 ಎಂದು ಬರೆದಿಡುತ್ತದೆ, ಸದಸ್ಯರ ಮನಸ್ಸಿನಲ್ಲಿದ್ದದ್ದು ಮೇ 4, ಅದರ ಸಂಖ್ಯೆ 43589. ವರ್ಷದ 365 ದಿನಗಳಲ್ಲಿ ದಿನದ ಸಂಖ್ಯೆ 12 ಅಥವಾ ಅದಕ್ಕಿಂತ ಕಡಿಮೆ ಇರುವವು 144, ಅಂದರೆ ನೂರಕ್ಕೆ 39ಕ್ಕಿಂತ ತುಸು ಹೆಚ್ಚು. ನಿಮ್ಮ 380ರಲ್ಲಿ 149 ಎಂಬುದೂ ನೂರಕ್ಕೆ 39ರಷ್ಟೇ. ಹೀಗಾಗಿ, ಅಚ್ಚುಕಟ್ಟಾಗಿ ಕಾಣುವ ಪೂರ್ಣಾಂಕಗಳಲ್ಲೇ ತಪ್ಪಿದೆ, ಗೊಂದಲದಂತೆ ಕಾಣುವ ಪಠ್ಯದ ದಿನಾಂಕಗಳು ಸರಿಯಾಗಿವೆ ಎಂದು ನಾನು ಬಲವಾಗಿ ಶಂಕಿಸುತ್ತೇನೆ.

ಶಂಕೆಯನ್ನು ಎರಡು ಪರೀಕ್ಷೆಗಳಿಂದ ಖಚಿತಪಡಿಸಿಕೊಳ್ಳಿ. ಮೊದಲನೆಯದು, 231 ಪಠ್ಯಗಳಲ್ಲಿ ಮೊದಲ ಭಾಗ 12ಕ್ಕಿಂತ ದೊಡ್ಡದಾಗಿರದ ಸಾಲು ಯಾವುದಾದರೂ ಇದೆಯೇ ಎಂದು ನೋಡುವುದು. ಇದಕ್ಕೆ ‘ಕಾಸ್ಟ್(ದಿನಾಂಕ ಆ್ಯಸ್ ಇಂಟೀಜರ್)’ ಸಾಕು. ಹಾಲಿನ ಲೆಕ್ಕವನ್ನು ಕೆಡಿಸಿದ, ಮೊದಲ ಅಂಕಿಗಳನ್ನಷ್ಟೇ ಓದಿ ನಿಲ್ಲುವ ಆ ಸ್ವಭಾವವೇ ಇಲ್ಲಿ ಓರೆಗೆರೆಯ ಹಿಂದಿನ ಭಾಗವನ್ನು ಕೊಟ್ಟು ಉಪಕಾರ ಮಾಡುತ್ತದೆ. ಎರಡನೆಯದು, 149 ಪೂರ್ಣಾಂಕಗಳನ್ನು ದಿನಾಂಕಗಳಾಗಿ ಬದಲಿಸಿ, ಅವುಗಳಲ್ಲಿ 12ಕ್ಕಿಂತ ದೊಡ್ಡ ದಿನ ಎಲ್ಲಾದರೂ ಬರುತ್ತದೆಯೇ ಎಂದು ನೋಡುವುದು. ಒಂದೂ ಬರದಿದ್ದರೆ ಎಲ್ಲರೂ ದಿನವನ್ನೇ ಮೊದಲು ಬರೆದಿದ್ದಾರೆಂದು ಒಪ್ಪಬಹುದು, ಮತ್ತು 149ರಲ್ಲೂ ದಿನ ಮತ್ತು ತಿಂಗಳುಗಳನ್ನು ಅದಲುಬದಲು ಮಾಡಿದರೆ ಮೂಲ ಸಿಗುತ್ತದೆ. ಆಗಸ್ಟ್ 15ರಂಥದ್ದು ಬಂದರೆ, ಆ ಸದಸ್ಯರು ಅಮೆರಿಕದ ಪದ್ಧತಿಯಲ್ಲೇ ಬರೆದಿದ್ದಾರೆ, ಹಾಗೆ ಬರೆದವರು ಇನ್ನೂ ಇರಬಹುದು. ಆಗ ಸಾರಾಸಗಟು ಅದಲುಬದಲು ಕೂಡದು.

ಅಂಥ ಸಂದರ್ಭದಲ್ಲಿ ಸದಸ್ಯತ್ವದ ರಸೀದಿ ಪುಸ್ತಕ ನೆರವಾಗುತ್ತದೆ. ರಸೀದಿಯ ಸಂಖ್ಯೆ ಕಾಲಕ್ರಮದಲ್ಲಿ ಏರುತ್ತ ಹೋಗುವುದರಿಂದ, ಒಂದು ರಸೀದಿಯ ಹಿಂದಿನ ಮತ್ತು ಮುಂದಿನ ರಸೀದಿಗಳು ಮೇ ತಿಂಗಳ ಮೊದಲ ವಾರದವಾಗಿದ್ದರೆ ನಡುವಿನದು ಏಪ್ರಿಲ್ 5 ಆಗಿರಲಾರದು. ಹೊಸ ದಿನಾಂಕವನ್ನು ‘2019-05-04’ ಎಂಬ ರೂಪದಲ್ಲಿ, ವರ್ಷ ಮೊದಲಾಗಿ, ಪಠ್ಯವಾಗಿ ಬೇರೊಂದು ಕಾಲಮ್ಮಿನಲ್ಲಿ ಬರೆಯಿರಿ. ಈಗಿರುವ ಕಾಲಮ್ಮನ್ನು ಅಳಿಸಬೇಡಿ, ಮತ್ತು ರಸೀದಿಯಿಂದಲೂ ತೀರ್ಮಾನವಾಗದ ಸಾಲುಗಳ ಹೊಸ ಕಾಲಮ್ಮನ್ನು ಆ ಸದಸ್ಯರನ್ನೇ ಕೇಳುವವರೆಗೆ ನಲ್ ಆಗಿ ಬಿಡಿ.